ನೆಲದ ಅಪ್ಪಣೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕನ್ನಡ ನಾಡಿನಲ್ಲಿ ಅರಿಯದವರಿಲ್ಲ. ಈ ಎರಡು ಕಾರ್ಯಗಳಿಗೂ ಕೈಹಾಕಿದವನು ಹಣವನ್ನೂ ನಿದ್ರೆಯನ್ನೂ ಕಳೆದುಕೊಳ್ಳುವನೆಂಬುದು ಅದರ ತಾತ್ಪರ್ಯ. ಗಾದೆಯು ಸತ್ಯವೇ. ಆದರೆ ಅದು ಹೇಳುವುದೆಲ್ಲವೂ ಕಟ್ಟಿಸುವವನ ಕಷ್ಟವನ್ನು ಕುರಿತದ್ದು. ಅವನು ಕಟ್ಟುವುದರಿಂದ ಇತರರಿಗೆ ಏನಾಗುವುದೆಂಬ ಮಾತು ಅದರಲ್ಲಿ ಇಲ್ಲ. ಮದುವೆಯಲ್ಲಾದರೋ ಎರಡು ಕಡೆಯವರೂ ಒಪ್ಪಬೇಕೆಂಬ ಒಂದು ನಿಯಮ ಹೆಸರಿಗಾದರೂ ಉಂಟು. ಮನೆ ಕಟ್ಟುವವನು ಯಾರ ಒಪ್ಪಿಗೆಯನ್ನು ಪಡೆಯಬೇಕು? ಪುರಸಭೆಯ ಪರವಾನಗಿಯನ್ನು ಬಿಟ್ಟು, ಅದಕ್ಕಿಂತ ಹಳೆಯದಾದ ಯಾವುದಾದರೊಂದು ಅಪ್ಪಣೆಯ ಋಣವು ಅವನ ಮೇಲೆ ಇದೆಯೆ? ಇದ್ದರೆ ಅದು ಯಾರಿಗೆ ಸಲ್ಲತಕ್ಕದ್ದು?

ಈ ಪ್ರಶ್ನೆಯನ್ನು ಕೇಳುವುದಕ್ಕೆ ಮಂಗಳೂರಿನ ಕುದ್ರೋಳಿಯು ತಕ್ಕ ಸ್ಥಳ. ಹೊಳೆಯ ನಡುವಿನ ನೆಲಕ್ಕೆ ತುಳುನಾಡಿನಲ್ಲಿ ಕುದ್ರು ಎನ್ನುವರು. ಆ ಶಬ್ದದ ಧ್ವನಿಯು ಊರಿನ ಹೆಸರಿನಲ್ಲಿಯೇ ಕೇಳಿಸುತ್ತದೆ. ಒಂದು ಕಡೆ ಗುರುಪುರ ಹೊಳೆಯು ಸಮುದ್ರವನ್ನು ಸೇರಲು ತವಕಿಸುತ್ತಿರುವುದು. ಮತ್ತೊಂದು ಕಡೆ ಪೇಟೆಯು ದಿನದಿನಕ್ಕೆ ಒತ್ತಿಕೊಂಡು ಬರುತ್ತಿರುವುದು. ನಡುವೆ ತೆಂಗಿನ ಹಿತ್ತಿಲುಗಳು, ಓಣಿಗಳು, ಗುಡಿ, ಮಸೀದಿ, ಹಂಚಿನ ಮಾಡಿನ ಹಳೆಯ ಮನೆಗಳು. ಹಿತ್ತಿಲನ್ನು ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಪಾಲುಮಾಡಿಕೊಂಡಂತೆ ನಿವೇಶನಗಳು ಚಿಕ್ಕವಾಗಿವೆ. ಒಂದು ಮನೆಯ ಮಾಡಿನ ನೀರು ಇನ್ನೊಂದು ಮನೆಯ ಅಂಗಳಕ್ಕೆ ಬೀಳುವಷ್ಟು ನೆರೆಯು ಹತ್ತಿರವಾಗಿದೆ. ಇಂತಹ ಸ್ಥಳದಲ್ಲಿ ಯಾವನೂ ಒಬ್ಬನೇ ಮನೆ ಕಟ್ಟಲಾರನು. ಅವನು ಕಟ್ಟುವುದೆಲ್ಲವೂ ಮತ್ತೊಬ್ಬನ ಬೆಳಕು, ಗಾಳಿ, ನೀರುಗಳ ಪಕ್ಕದಲ್ಲಿಯೇ ಏಳುತ್ತದೆ.

ಈ ಕರಾವಳಿಯಲ್ಲಿ ಮನೆಯ ಕೆಲಸವು ಮಳೆಗಾಲ ಹಿಂದೆ ಸರಿದ ಮೇಲೆಯೇ ಆರಂಭವಾಗುವುದು. ಅದಕ್ಕೂ ಮುಂಚೆ ಕೇಳತಕ್ಕದ್ದನ್ನೆಲ್ಲ ಕೇಳಿ ಮುಗಿಸಬೇಕೆಂಬುದು ಹಿರಿಯರ ಕ್ರಮ. ಬಲಿಮೆ ನೋಡಿಸಿ, ಆ ನೆಲದಲ್ಲಿ ನಾಗನ ಇರವುಂಟೋ, ದೈವದ ಸಂಚಾರವುಂಟೋ, ಹಿಂದೆ ಅಲ್ಲಿ ಬಾಳಿ ಸತ್ತವರ ಋಣ ಬಾಕಿಯುಂಟೋ ಎಂದು ವಿಚಾರಿಸುವರು. ಬಾವಿಯ ಸ್ಥಾನವನ್ನು ಗೊತ್ತುಪಡಿಸುವರು. ಸುತ್ತಳತೆಯ ಆಯವನ್ನು ಲೆಕ್ಕ ಹಾಕಿಸುವರು. ಒಳ್ಳೆಯ ದಿನದಲ್ಲಿ ಕೆಸರುಕಲ್ಲು ಹಾಕುವರು. ಬಳಿಕ ಪಂಚಾಂಗ ಏಳುವುದು. ದಿನ ನೋಡುವ ಪುಸ್ತಕಕ್ಕೂ ಗೋಡೆಯನ್ನು ಹೊರುವ ತಳಗಟ್ಟಿಗೂ ಇಲ್ಲಿಯ ಜನರು ಒಂದೇ ಹೆಸರನ್ನು ಕೊಟ್ಟಿರುವುದು ವಿನೋದವೇ ಸರಿ; ಒಂದನ್ನು ತೆರೆಯದೆ ಇನ್ನೊಂದನ್ನು ಕಟ್ಟುವವರು ಈಗಲೂ ವಿರಳ.

ಈ ಕೇಳುವ ಕ್ರಮವು ಬರಿಯ ದೇಶಾಚಾರವಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಾಸ್ತುವಿದ್ಯೆಗಾಗಿ ಒಂದು ದೀರ್ಘವಾದ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ನೆಲದ ಪರೀಕ್ಷೆಯನ್ನು ಅವನು ಹೇಳುವ ಬಗೆ ಸರಳವಾದುದು. ಒಂದು ಮೊಳದ ಕುಳಿಯನ್ನು ತೋಡಿ, ತೆಗೆದ ಮಣ್ಣನ್ನೇ ಪುನಃ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸಮನಾದರೆ ಮಧ್ಯಮ, ಸಾಲದೆ ಹೋದರೆ ಆ ನೆಲವು ಬೇಡ. ಅಥವಾ ಕುಳಿಗೆ ನೀರನ್ನು ತುಂಬಿ ನೂರು ಹೆಜ್ಜೆ ಹೋಗಿ ಹಿಂದಿರುಗಿ ಬಂದು, ನೀರು ಎಷ್ಟು ಇಂಗಿದೆಯೆಂದು ನೋಡಬೇಕು. ಇದರಲ್ಲಿ ದೇವರ ಮಾತು ಹೆಚ್ಚಾಗಿ ಬರುವುದಿಲ್ಲ. ಮಣ್ಣಿನ ಗಟ್ಟಿತನವನ್ನು ಮಣ್ಣಿನಿಂದಲೇ ಕೇಳುವ ಉಪಾಯವಿದು. ಪ್ರತಿಮೆಗಾಗಿ ಮರವನ್ನು ಕಡಿಯುವ ವಿಧಿಯನ್ನು ಹೇಳುವಾಗ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಹಿಂದಿನ ರಾತ್ರಿ ಮರಕ್ಕೆ ಬಲಿಯನ್ನು ಅರ್ಪಿಸಿ, ಅದರಲ್ಲಿ ವಾಸಿಸುವ ಭೂತಗಳಿಗೆ ನಮಸ್ಕರಿಸಿ, ದಯಮಾಡಿ ಬೇರೆಡೆಗೆ ಬಿಡಾರವನ್ನು ಬದಲಿಸಿರೆಂದು ಪ್ರಾರ್ಥಿಸಿ, ಮರುದಿನ ಬೆಳಿಗ್ಗೆ ಕೊಡಲಿಯನ್ನು ಎತ್ತಬೇಕಂತೆ. ಕಣ್ಣಿಗೆ ಕಾಣದ ನಿವಾಸಿಗಳಿಗೆ ಕೂಡ ಒಂದು ರಾತ್ರಿಯ ಅವಧಿಯನ್ನು ಕೊಟ್ಟ ಸೌಜನ್ಯವಿದು. ಕಣ್ಣಿಗೆ ಕಾಣುವ ನಿವಾಸಿಗಳಿಗೆ ಈಚಿನ ಕಾಲದಲ್ಲಿ ಇಷ್ಟು ಅವಧಿ ಎಲ್ಲ ಕಡೆಗಳಲ್ಲಿಯೂ ಸಿಗುತ್ತಿಲ್ಲ.

ಅದೇ ಗ್ರಂಥದಲ್ಲಿ ವಾಸ್ತುಪುರುಷನ ಕಥೆಯೂ ಬರುತ್ತದೆ. ಭೂಮ್ಯಾಕಾಶಗಳನ್ನು ತಡೆದು ನಿಂತಿದ್ದ ಒಂದು ಮಹಾಭೂತವನ್ನು ದೇವತೆಗಳು ಥಟ್ಟನೆ ಹಿಡಿದು ಬೋರಲಾಗಿ ಕೆಡವಿದರು. ಯಾವ ದೇವತೆಯು ಯಾವ ಅಂಗವನ್ನು ಒತ್ತಿ ಹಿಡಿದಿದ್ದನೋ ಆ ಸ್ಥಾನಕ್ಕೆ ಅವನೇ ಅಧಿಪತಿಯಾದನು. ಎಂಬತ್ತೊಂದು ಪದಗಳ ಮಂಡಲದಲ್ಲಿ ಹೀಗೆ ಕುಳಿತಿರುವ ದೇವತೆಗಳು 45 ಮಂದಿ. ಪ್ರತಿಯೊಂದು ಮನೆಯೂ ಈ ಬೋರಲು ಬಿದ್ದ ದೇಹದ ಮೇಲೆಯೇ ನಿಲ್ಲುವುದೆಂದು ಶಾಸ್ತ್ರದ ಅಭಿಪ್ರಾಯ. ಈ ಕಥೆಯನ್ನು ಕೇವಲ ಜಯದ ಕಥೆಯೆಂದು ಓದಬಹುದು. ಹೆಚ್ಚಿನವರು ಹಾಗೆಯೇ ಓದುವರು. ಆದರೆ ಕಥೆ ಕಟ್ಟಿದವರು ಆ ಭೂತವನ್ನು ಕೊಂದು ಮುಗಿಸಿದರೆಂದು ಹೇಳಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಅವನು ಕೆಳಗೆ ಜೀವಂತನಾಗಿಯೇ ಇದ್ದಾನೆ. ಅವನ ಮರ್ಮಸ್ಥಾನಗಳ ಮೇಲೆ ಕಂಬವನ್ನು ನಿಲ್ಲಿಸಕೂಡದು. ನಿಲ್ಲಿಸಿದರೆ ಮನೆಯವರ ಅದೇ ಅಂಗಕ್ಕೆ ಪೀಡೆ. ನಾವು ಯಾರ ಮೇಲೆ ನಿಂತಿದ್ದೇವೋ ಅವರ ನೋವು ನಮ್ಮ ಮೈಗೂ ಬರುವುದೆಂಬ ನಂಬಿಕೆಯೊಂದು ಈ ನಿಷೇಧದೊಳಗೆ ಅಡಗಿರುವಂತೆ ತೋರುತ್ತದೆ.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ, ಮತ್ತು ಅದು ಹಗುರವಾದ ಆಕ್ಷೇಪವಲ್ಲ. ಇಲ್ಲವೆನ್ನಲಾರದವರನ್ನು ಕೇಳಿದರೆ ಅದು ಕೇಳಿದಂತಾಗುವುದೆ? ಮರದ ಭೂತವು ಮರುದಿನ ಬೆಳಿಗ್ಗೆ ಎದುರು ನಿಂತು, ನಾನು ಬಿಡಾರ ಬದಲಿಸುವುದಿಲ್ಲವೆಂದು ಹೇಳಿದ ಉದಾಹರಣೆ ಇಲ್ಲ. ಬಲಿಮೆಯಲ್ಲಿ ದೋಷವು ಕಂಡರೂ ಅದಕ್ಕೆ ಪರಿಹಾರವುಂಟು. ಪರಿಹಾರಕ್ಕೆ ಇಷ್ಟೆಂದು ವೆಚ್ಚವುಂಟು. ವೆಚ್ಚವನ್ನು ತೆತ್ತ ಮೇಲೆ ಮನೆಯು ಏಳಲೇಬೇಕು. ಹಣ ತೆತ್ತು ಕೊಂಡುಕೊಳ್ಳಬಹುದಾದ ಅಪ್ಪಣೆಯು ಅಪ್ಪಣೆಯಲ್ಲ, ಸುಂಕ. ಹೀಗಿರಲು, ಈ ವಿಧಿಗಳೆಲ್ಲವೂ ಕಟ್ಟಿಸುವವನ ಮನಸ್ಸಿನ ಅಳುಕನ್ನು ತಣಿಸುವುದಕ್ಕೆ ಮಾತ್ರ ಉಪಯೋಗವಾಗುವುವೇ ಹೊರತು, ಮತ್ತಾರಿಗೂ ಅವುಗಳಿಂದ ಪ್ರಯೋಜನವಿಲ್ಲವೆಂದು ವಿಚಾರವಂತರು ಹೇಳುವರು.

ಈ ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು. ಉಳಿದ ಅರ್ಧವನ್ನು ಪರೀಕ್ಷಿಸಬೇಕು. ನೆಲವು ಇಲ್ಲವೆನ್ನುವ ಸಂದರ್ಭಗಳೂ ಇವೆ. ಹೊಳೆಬದಿಯಲ್ಲಿ ಬಾವಿ ತೋಡಿದವನಿಗೆ ಇದು ಗೊತ್ತು: ಆರು ತಿಂಗಳು ಸಿಹಿಯಾಗಿದ್ದ ನೀರು ಬೇಸಗೆಯಲ್ಲಿ ಉಪ್ಪಾಗುವುದುಂಟು, ಆ ಉತ್ತರಕ್ಕೆ ಶಾಂತಿಹೋಮದ ಪರಿಹಾರವಿಲ್ಲ. ಆಯದ ಲೆಕ್ಕವಾದರೂ ಒಂದು ಬಗೆಯಲ್ಲಿ ಕಟ್ಟಿಸುವವನ ಇಚ್ಛೆಗೆ ತಡೆ ಹಾಕುವಂಥದು. ಸುತ್ತಳತೆಯನ್ನು ಕೋಲಿನಿಂದ ಅಳೆಯುವರು. ಒಂದು ಕೋಲಿಗೆ 24 ಅಂಗುಲ. ಬಂದ ಮೊತ್ತವನ್ನು 3ರಿಂದ ಗುಣಿಸಿ 8ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಯೋನಿ. ಒಂದು ಉಳಿದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಸಂಖ್ಯೆಗಳು ಮನೆಗೆ ಒಳ್ಳೆಯವು, ಸಮ ಸಂಖ್ಯೆಗಳು ಕೆಟ್ಟವು. ಕತ್ತೆಯ ಯೋನಿಯ ಮನೆಯಲ್ಲಿ ಬಾಳಿದವನಿಗೆ ದಾರಿದ್ರ್ಯ ಬಂದೇ ಬರುವುದೆಂಬುದಕ್ಕೆ ಪ್ರಕೃತಿಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಆದರೂ ತನ್ನ ಜೇಬಿಗೂ ತನ್ನ ಆಸೆಗೂ ಸಂಬಂಧವಿಲ್ಲದ ಒಂದು ಲೆಕ್ಕದ ಮುಂದೆ ಮನುಷ್ಯನು ತನ್ನ ನಕ್ಷೆಯನ್ನು ಬಿಚ್ಚಿ, ಇದು ಹೆಚ್ಚಾಯಿತೆ ಎಂದು ಕೇಳುವ ಅಭ್ಯಾಸವೇ ಒಂದು ಗುಣವಲ್ಲವೆ? ಎಷ್ಟು ಬೇಕಾದರೂ ಕಟ್ಟಬಹುದೆಂಬ ಭಾವನೆಗೆ ಅಲ್ಲಿ ಒಂದು ಕ್ಷಣವಾದರೂ ತಡೆ ಬೀಳುತ್ತದೆ. ಜಾಣನಾದ ಪುರೋಹಿತನು ಯಜಮಾನನ ಮುಖವನ್ನು ನೋಡಿ ಅಂಗುಲಗಳನ್ನು ಹೊಂದಿಸಿಕೊಡುವುದೂ ಉಂಟು. ಅದು ಬೇರೆ ಮಾತು.

ಆದರೆ ಈ ವಿಧಿಗಳಲ್ಲಿ ನಿಜವಾದ ಕೊರತೆಯು ಬೇರೆ ಕಡೆ ಇದೆ. ಅಲ್ಲಿ ನಾಗನನ್ನು ಕೇಳಿಯಾಯಿತು, ಮರವನ್ನು ಕೇಳಿಯಾಯಿತು, ದಿಕ್ಕುಗಳನ್ನು ಕೇಳಿಯಾಯಿತು. ಕೇಳದೆ ಉಳಿದವರು ಯಾರು?

ಮೊದಲಿಗೆ ಕಲ್ಲನ್ನೇ ನೋಡಬಹುದು. ಈ ನಾಡಿನ ಗೋಡೆಯೆಲ್ಲ ಮುರಕಲ್ಲಿನದು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಮಲಬಾರಿನ ಅಂಗಾಡಿಪುರದ ಬಳಿ ಕಂಡ ಈ ಕಲ್ಲಿಗೆ ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟನು. ನೆಲದಲ್ಲಿರುವಾಗ ಕಬ್ಬಿಣದ ಹತಾರಿನಿಂದ ಕಡಿಯಬಹುದಾದಷ್ಟು ಮೆದುವಾಗಿದ್ದು, ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುವ ಅದರ ಗುಣವು ಅವನನ್ನು ಬೆರಗುಗೊಳಿಸಿತು. ಇಲ್ಲಿಯವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಒಂದು ಮನೆ ಏಳಬೇಕಾದರೆ ಎಲ್ಲಿಯೋ ಒಂದು ಗುಡ್ಡದಲ್ಲಿ ಅಷ್ಟೇ ಗಾತ್ರದ ಒಂದು ಕುಳಿ ಬೀಳಬೇಕು. ಕೋರೆಯ ಕೆಲಸವು ಮುಗಿದ ಮೇಲೆ ಆ ಕುಳಿಯು ಮಳೆಗಾಲದಲ್ಲಿ ತುಂಬಿ ನಿಲ್ಲುವುದು. ಅಂಚು ನೇರವಾದುದರಿಂದ ಬಿದ್ದವರಿಗೆ ಹತ್ತಲು ಹಿಡಿಯಿಲ್ಲ. ಅಂತಹ ಕೋರೆಗಳಲ್ಲಿ ಮಕ್ಕಳು ಮುಳುಗಿದ ವಾರ್ತೆಯು ಜಿಲ್ಲೆಯ ಪತ್ರಿಕೆಗಳಲ್ಲಿ ಬರದ ಮಳೆಗಾಲವು ಕಡಿಮೆ. ಮನೆಯ ಯಜಮಾನನು ಮುಹೂರ್ತದ ದಿನ ತನ್ನ ನಿವೇಶನದಲ್ಲಿ ತೋಡಿದ ಒಂದು ಮೊಳದ ಕುಳಿಯನ್ನು ಭಯಭಕ್ತಿಯಿಂದ ತುಂಬಿ ಪರೀಕ್ಷಿಸಿರುವನು. ಆ ಇನ್ನೊಂದು ಕುಳಿಯನ್ನು ಅವನು ಕಂಡೇ ಇಲ್ಲ.

ಹೊಯಿಗೆಯ ಮಾತೂ ಇದೇ. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ತಳದಿಂದ ಎತ್ತಿದ ಹೊಯಿಗೆಯಿಲ್ಲದೆ ಮಂಗಳೂರಿನಲ್ಲಿ ಗಾರೆಯಿಲ್ಲ. ಹಿಂದೆ ಹೊಳೆಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣಕ್ಕೆ ಬೆಲ್ಲದ ನೀರನ್ನು ಬೆರೆಸಿ ಅರೆಯುತ್ತಿದ್ದರು. ಈಗ ಸಿಮೆಂಟು ಬಂದಿದೆ. ಹೊಯಿಗೆ ಮಾತ್ರ ಬದಲಾಗಲಿಲ್ಲ. ಹೊಳೆಯನ್ನು ಕೇಳಿದವರು ಯಾರು?

ಆದರೆ ಇಷ್ಟರಿಂದಲೇ ಕಟ್ಟುವುದೆಲ್ಲವೂ ಪಾಪವೆಂದು ತೀರ್ಮಾನಿಸುವುದು ಆತುರದ ಮಾತಾದೀತು. ಬಾಸೆಲ್ ಮಿಶನಿನ ಪ್ಲೆಬ್ಸ್ಟ್ ಎಂಬವನು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಆ ಶತಮಾನವು ಮುಗಿಯುವುದರೊಳಗೆ ಕುದ್ರೋಳಿಯಲ್ಲಿಯೂ ಮಿಶನಿನ ಕಾರ್ಖಾನೆಯೊಂದು ಹೊಗೆಯೆಬ್ಬಿಸಿತು. ಹೊಳೆಬದಿಯ ಜೇಡಿಮಣ್ಣು ಅಗೆದುಹೋಯಿತು, ಸೌದೆಗಾಗಿ ಕಾಡು ಸವೆಯಿತು, ಇದೆಲ್ಲವೂ ನಿಜ. ಆದರೆ ಅದಕ್ಕೆ ಮುಂಚೆ ಬಡವನ ಮಾಡು ಎಂದರೆ ಮುಳಿಹುಲ್ಲು, ಇಲ್ಲವೆ ಹೆಣೆದ ಮಡಲು. ವರ್ಷವರ್ಷವೂ ಹೊಸದಾಗಿ ಹೊದೆಸಬೇಕು. ಒಂದು ಕಿಡಿ ಹಾರಿದರೆ ಓಣಿಯೇ ಬೂದಿ. ಆಷಾಢದ ರಾತ್ರಿ ಮಗುವಿನ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕದ ಹಾಗೆ ಮಾಡಿದ ಹಂಚಿಗೆ, ಜೇಡಿಮಣ್ಣಿನ ಅಪ್ಪಣೆಯನ್ನು ನೀನು ಕೇಳಲಿಲ್ಲವೆಂದು ಆಕ್ಷೇಪಿಸುವವನು ಸ್ವತಃ ಬೆಚ್ಚನೆಯ ಮಾಡಿನ ಕೆಳಗೆ ಕುಳಿತಿರುವವನಾಗಿರಬೇಕು. ಆದುದರಿಂದ ಪ್ರಶ್ನೆಯು ಕಟ್ಟಬಹುದೆ ಬಾರದೆ ಎಂಬುದಲ್ಲ. ಕಟ್ಟುವವನು ಯಾರ ಮುಂದೆ ನಿಂತು ಕೇಳಬೇಕೆಂಬುದು.

ಇದರಲ್ಲಿ ಇನ್ನೊಂದು ತೊಡಕುಂಟು. ಅಪ್ಪಣೆ ಎಂಬುದು ಯಾವಾಗಲೂ ಸಾತ್ವಿಕವಾದ ವಸ್ತುವಲ್ಲ. ಕನ್ನಡ ಜಿಲ್ಲೆಯ ಭೂಮಿಯ ಇತಿಹಾಸವನ್ನು ಬಲ್ಲವರಿಗೆ ಮೂಲಗೇಣಿ, ಚಾಲಗೇಣಿ ಎಂಬ ಶಬ್ದಗಳ ಪರಿಚಯವಿದ್ದೇ ಇದೆ. ಮೂಲಗೇಣಿದಾರನು ಗೊತ್ತಾದ ಗೇಣಿಯನ್ನು ಕೊಟ್ಟು ತಲೆತಲಾಂತರಕ್ಕೂ ನೆಲವನ್ನು ಅನುಭವಿಸಬಹುದಾಗಿದ್ದಿತು. ಚಾಲಗೇಣಿಯವನಿಗಾದರೋ ಆ ಭದ್ರತೆ ಇರಲಿಲ್ಲ. ತಾನು ನೆಟ್ಟ ತೆಂಗಿನ ಬುಡದಲ್ಲಿ ತಾನೇ ಕಲ್ಲಿನ ಗೋಡೆಯೊಂದನ್ನು ಎಬ್ಬಿಸಬೇಕಾದರೂ ಧಣಿಯ ಚಾವಡಿಯ ಮುಂದೆ ಕೈಕಟ್ಟಿ ನಿಲ್ಲಬೇಕಾದವನು ಅವನು. ಅಲ್ಲಿ ಸಿಗುತ್ತಿದ್ದ ಉತ್ತರವು ಶಾಸ್ತ್ರೋಕ್ತವಾದ ಸಮ್ಮತಿಯಂತಿರಲಿಲ್ಲ. ಇಲ್ಲ ಎಂಬ ಮಾತು ಅಲ್ಲಿ ನಿಜವಾಗಿಯೂ ಇದ್ದಿತು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಸಾಗುವಳಿಯ ನೆಲದಲ್ಲಿ ಈ ಸಂಬಂಧವನ್ನು ಕಡಿಯಿತು. ಮೂಲಗೇಣಿದಾರರಿಗೆ ಒಡೆತನವನ್ನು ಕೊಡುವ ಶಾಸನವು 2011ರಲ್ಲಿ ಬಂತು. ಆದರೆ ಅದಕ್ಕೂ ಮೊದಲು ಎಷ್ಟೋ ತಲೆಮಾರುಗಳು ಮನೆ ಕಟ್ಟಲು ಅಪ್ಪಣೆ ಬೇಡಿಯೇ ಮುಗಿದುಹೋಗಿದ್ದುವು. ಕೇಳುವುದು ಧರ್ಮವೆಂದು ಹೇಳುವವರು, ಕೇಳಿಸಿಕೊಳ್ಳುವ ಸುಖಕ್ಕಾಗಿಯೇ ಕೆಲವರು ಇತರರನ್ನು ಕೇಳುವ ಸ್ಥಿತಿಯಲ್ಲಿ ಇಟ್ಟಿದ್ದುದನ್ನು ಮರೆಯಕೂಡದು.

ಕುದ್ರೋಳಿಯಲ್ಲಿ ಈ ತೊಡಕಿಗೆ ಒಂದು ದೊಡ್ಡ ಉತ್ತರವು ಕಲ್ಲಿನಲ್ಲಿಯೇ ನಿಂತಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಲ್ಲವರಿಗೂ ಅವರಂತಹ ಇತರರಿಗೂ ಊರಿನ ದೇವಸ್ಥಾನಗಳ ಒಳಗೆ ಪ್ರವೇಶವಿರಲಿಲ್ಲ. ಒಳಗೆ ಬರಲು ಅಪ್ಪಣೆಯನ್ನು ಕೇಳಬಹುದಾಗಿದ್ದಿತು. ಸಿಗುವ ಉತ್ತರವು ಕೇಳುವ ಮೊದಲೇ ಗೊತ್ತಿದ್ದಿತು. ಹೊಯಿಗೆಬಜಾರಿನ ಕೊರಗಪ್ಪನವರು ಮುಂದಾಳಾಗಿ, 1908ರಲ್ಲಿ ನಾರಾಯಣ ಗುರುಗಳನ್ನು ಮಂಗಳೂರಿಗೆ ಆಹ್ವಾನಿಸಿದರು. ಗುರುಗಳು ಬಂದು ಸ್ಥಳವನ್ನು ನೋಡಿ ಕುದ್ರೋಳಿಯನ್ನು ಆರಿಸಿದರು. 1912ರಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಇದೇ ಗುರುಗಳು 1888ರಲ್ಲಿ ತಿರುವಾಂಕೂರಿನ ಅರುವಿಪ್ಪುರದಲ್ಲಿ ಹೊಳೆಯಿಂದ ಎತ್ತಿದ ಕಲ್ಲೊಂದನ್ನು ಶಿವನೆಂದು ಪ್ರತಿಷ್ಠಿಸಿದವರು. ಆ ಅಧಿಕಾರವನ್ನು ನಿಮಗೆ ಯಾರು ಕೊಟ್ಟರೆಂದು ಕೇಳಿದವರಿಗೆ, ತಾವು ಪ್ರತಿಷ್ಠಿಸಿದ್ದು ಕೇಳುವವರ ಶಿವನನ್ನಲ್ಲವೆಂಬ ಅರ್ಥ ಬರುವಂತೆ ಅವರು ಉತ್ತರಿಸಿದರೆಂದು ಪ್ರಸಿದ್ಧಿಯಿದೆ.

ಆ ನಾಲ್ಕು ವರ್ಷಗಳಲ್ಲಿ ಕುದ್ರೋಳಿಯ ನೆಲದ ಮೇಲೆ ನಡೆದುದು, ಒಂದು ಅರ್ಥದಲ್ಲಿ, ಅಪ್ಪಣೆಯಿಲ್ಲದ ಮನೆಯ ಕೆಲಸವೇ. ಅದು ಧರ್ಮವೋ ಉದ್ಧಟತನವೋ? ಮುಚ್ಚಿದ ಬಾಗಿಲನ್ನು ತಟ್ಟುತ್ತಲೇ ಇರಬೇಕು, ಬೇರೆ ಬಾಗಿಲನ್ನು ಮಾಡಿಕೊಂಡರೆ ಹಳೆಯ ಬಾಗಿಲು ಮುಚ್ಚಿದ ಹಾಗೆಯೇ ಉಳಿಯುವುದೆಂದು ವಾದಿಸುವವರಿದ್ದರು. ಆ ವಾದದಲ್ಲಿ ತಿರುಳಿಲ್ಲದೆ ಇಲ್ಲ. ವೈಕಂನಲ್ಲಿ 1924–25ರ ಸತ್ಯಾಗ್ರಹವು ನಡೆದುದು ಹಳೆಯ ಬೀದಿಗಾಗಿಯೇ, ಮತ್ತು ಮದ್ರಾಸು ಪ್ರಾಂತ್ಯದಲ್ಲಿ ದೇವಾಲಯ ಪ್ರವೇಶದ ಶಾಸನವು ಬಂದುದು 1947ರಲ್ಲಿ. ಗುರುಗಳು ಸ್ವತಃ 1917ರ ಹೊತ್ತಿಗೆ, ಇನ್ನು ದೇವಸ್ಥಾನ ಕಟ್ಟಿದ್ದು ಸಾಕು, ಶಾಲೆಯೇ ಮುಖ್ಯವಾದ ದೇವಸ್ಥಾನವಾಗಲಿ ಎಂಬ ಅಭಿಪ್ರಾಯಕ್ಕೆ ಬಂದಿದ್ದರು. ಆದರೆ ಮುಚ್ಚಿದ ಬಾಗಿಲಿನ ಹೊರಗೆ ಮೂವತ್ತೈದು ಮಳೆಗಾಲಗಳನ್ನು ಕಾಯಿರೆಂದು 1912ರ ಒಬ್ಬ ತಾಯಿಗೆ ಹೇಳುವ ಹಕ್ಕು ಯಾರಿಗಿದ್ದಿತು? ಆ ಹೊಸ ಗುಡಿಯಿಂದ ಹಳೆಯ ಗುಡಿಗಳ ಒಂದು ಕಲ್ಲೂ ಅಲುಗಲಿಲ್ಲ. ಒಬ್ಬರ ಬಾವಿಯೂ ಬತ್ತಲಿಲ್ಲ. ಹೋದದ್ದೇನಾದರೂ ಇದ್ದರೆ ಅದು ಇಲ್ಲವೆನ್ನುವವರ ಇಲ್ಲವೆನ್ನುವ ಬಲ. ಅಂತಹ ನಷ್ಟಕ್ಕೆ ಅಪ್ಪಣೆಯ ಋಣವು ಸಲ್ಲುವುದೆಂದು ಹೇಳುವುದು ಕಠಿಣ.

ಇಲ್ಲಿ ಭೇದವು ಸ್ಪಷ್ಟವಾಗುತ್ತದೆ. ಮನೆಯ ಭಾರವು ಯಾರ ಮೇಲೆ ಬೀಳುವುದೋ ಅವರನ್ನು ಕೇಳಬೇಕು. ಮನೆಯಿಂದ ಯಾರ ದರ್ಪಕ್ಕೆ ಮಾತ್ರ ಕುಂದು ಬರುವುದೋ ಅವರನ್ನು ಕೇಳಬೇಕಾಗಿಲ್ಲ. ಲೋಕವು ಸಾಮಾನ್ಯವಾಗಿ ಇದಕ್ಕೆ ವಿಪರೀತವಾಗಿ ನಡೆಯುತ್ತದೆ. ಮೇಲಿನವರನ್ನು ತಾಂಬೂಲವಿಟ್ಟು ಕೇಳುವರು, ಕೆಳಗಿನವರಿಗೆ ತಿಳಿಸುವರು. ಕನ್ನಡದ “ಕೆರೆಗೆ ಹಾರ” ಎಂಬ ಜನಪದ ಕಥನಗೀತವನ್ನು ಕೇಳದವರು ಕಡಿಮೆ. ಗೌಡನು ಕಟ್ಟಿಸಿದ ಕೆರೆಯಲ್ಲಿ ನೀರು ಬೀಳಲಿಲ್ಲ, ಶಾಸ್ತ್ರದವರನ್ನು ಕೇಳಿದರು, ಬಲಿ ಬೇಕೆಂಬ ಉತ್ತರ ಬಂತು. ಹಿರಿಯ ಸೊಸೆ ಹೋದರೆ ಮನೆತನ ನಡೆಸುವವರಿಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ಆ ಕಥೆಯಲ್ಲಿ ಎಲ್ಲರನ್ನೂ ಕೇಳಲಾಗಿದೆ, ಅವಳೊಬ್ಬಳನ್ನು ಕೇಳಿಲ್ಲ. ಸೆರ್ಬಿಯದವರ ಸ್ಕಾದರ್ ಕೋಟೆಯ ಲಾವಣಿಯಲ್ಲಿಯೂ ರೊಮೇನಿಯದವರ ಮನೋಲೆ ಮೇಸ್ತ್ರಿಯ ಕಥೆಯಲ್ಲಿಯೂ ಗೋಡೆಯೊಳಗೆ ಸೇರುವವಳು ಇಂತಹ ಎಳೆಯ ಹೆಂಡತಿಯೇ. ಭೂಗೋಳದ ಅಷ್ಟು ದೂರದ ಜನರು ಒಂದೇ ಸಂಗತಿಯನ್ನು ಕಂಡು ಹಾಡಿರುವಾಗ, ಅದು ಬರಿಯ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಕಟ್ಟಡದ ಭಾರವು ಹುಡುಕಿಕೊಂಡು ಹೋಗುವುದು ಇಲ್ಲವೆನ್ನಲಾರದವರನ್ನೇ.

ಹೀಗೆ ವಿಚಾರವು ಸುತ್ತಿ ಬಂದು ಹಿಂದಿನ ಆಕ್ಷೇಪದ ಬಾಗಿಲಿಗೇ ಮುಟ್ಟುತ್ತದೆ. ಭಾರವನ್ನು ಹೊರುವವರನ್ನೇ ಕೇಳಬೇಕೆಂದಾಯಿತು. ಆದರೆ ಅವರು ಹೆಚ್ಚಾಗಿ ಇಲ್ಲವೆನ್ನಲಾರದವರು. ಅವರ ಹೌದು ಎಂಬ ಮಾತಿಗೆ ಬೆಲೆಯೇನು? ಇದನ್ನು ಸಾಮಾನ್ಯವಾಗಿ ಹೇಳುವುದಕ್ಕಿಂತ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳುವುದು ಮೇಲು.

ಕುದ್ರೋಳಿಯ ಒಂದು ಓಣಿಯಲ್ಲಿ ಒಬ್ಬ ಗೃಹಸ್ಥನು ತನ್ನ ಪಾಲಿಗೆ ಬಂದ ನಿವೇಶನದಲ್ಲಿ ಮನೆ ಕಟ್ಟಿಸಲು ಹೊರಟಿದ್ದಾನೆಂದು ಇಟ್ಟುಕೊಳ್ಳಬಹುದು. ಮಧ್ಯಮ ಸ್ಥಿತಿಯವನು, ಸಾಲವನ್ನೂ ಮಾಡಿದ್ದಾನೆ, ಮದುವೆಯಾಗಬೇಕಾದ ಮಗಳಿದ್ದಾಳೆ, ಚಾವಡಿ ನಾಲ್ಕು ಜನ ಕುಳಿತುಕೊಳ್ಳುವಂತಿರಬೇಕೆಂದು ಅವನ ಹೆಂಡತಿಯ ಆಸೆ. ಸುತ್ತಳತೆ 37 ಕೋಲು; ಮೂರರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಏಳು ಉಳಿಯುವುದು, ಗಜಯೋನಿ. ಎಲ್ಲವೂ ಸರಿಯಾಗಿದೆ. ಗೂಟ ಹೊಡೆದು ಹಗ್ಗ ಎಳೆದು ಸುಣ್ಣದ ಗೆರೆಯನ್ನೂ ಹಾಕಿಯಾಗಿದೆ. ಒಳಚರಂಡಿಯ ಕೊಳವೆಯು ಆ ಓಣಿಗೆ ಇನ್ನೂ ಬಂದಿಲ್ಲವಾದುದರಿಂದ, ಶೌಚದ ಹೊಂಡವನ್ನು ಹಿತ್ತಿಲಿನ ಮೂಲೆಯಲ್ಲಿ ಗುರುತು ಮಾಡಲಾಗಿದೆ. ಬೇಲಿಯ ಆಚೆ, ಆ ಗುರುತಿಗೆ ಹನ್ನೆರಡು ಅಡಿ ದೂರದಲ್ಲಿ, ಒಬ್ಬ ಮುದುಕಿಯ ಬಾವಿಯಿದೆ. ಅವಳು ಬೀಡಿ ಕಟ್ಟಿ ಜೀವಿಸುವವಳು. ಅವಳ ಗಂಡನು ಬಹುಕಾಲ ಈ ಗೃಹಸ್ಥನ ತಂದೆಯ ಹಿತ್ತಿಲಲ್ಲಿ ಕೆಲಸಕ್ಕಿದ್ದವನು. ನಗರದ ನಲ್ಲಿ ಬಂದಿದ್ದರೂ ಕುಡಿಯುವುದಕ್ಕೆ ಅವಳಿಗೆ ಬಾವಿಯ ನೀರೇ ರೂಢಿ.

ಇಂತಹ ಹೊಂಡಕ್ಕೂ ಬಾವಿಗೂ ಐವತ್ತು ಅಡಿಯಾದರೂ ಅಂತರವಿರಬೇಕೆಂದು ಆರೋಗ್ಯಶಾಸ್ತ್ರದವರು ಸಾಮಾನ್ಯವಾಗಿ ಹೇಳುವರು. ಹೊಳೆಬದಿಯ ಹೊಯಿಗೆಮಣ್ಣಿನಲ್ಲಿ ಕೊಳೆಯು ಬೇಗ ಹರಿಯುವುದು. ಗೃಹಸ್ಥನು ಇದನ್ನು ಅರಿಯದವನಲ್ಲ. ಅವನು ಕೆಟ್ಟವನೂ ಅಲ್ಲ, ಬೇಲಿಯ ಬಳಿಗೆ ಹೋಗಿ, “ಅಮ್ಮಾ, ಹೊಂಡವನ್ನು ಇಲ್ಲಿ ತೋಡಿಸಬೇಕೆಂದು ಮೇಸ್ತ್ರಿ ಹೇಳುತ್ತಾನೆ. ನಿಮ್ಮ ಬಾವಿ ಹತ್ತಿರವಾಯಿತಲ್ಲ, ಏನು ಹೇಳುತ್ತೀರಿ?” ಎಂದು ಕೇಳಿದನು. ಮುದುಕಿಯು ಮಡಿಲಿನ ಬೀಡಿಯ ಎಲೆಗಳನ್ನು ಒಂದು ಕಡೆಗಿಟ್ಟು ಎದ್ದು ನಿಂತಳು. “ನನ್ನದೇನು ಧಣಿಗಳೇ, ನಿಮಗೆ ಸರಿ ಕಂಡ ಹಾಗೆ ಮಾಡಿ. ನಿಮ್ಮ ತಂದೆಯವರ ಅನ್ನ ತಿಂದವರು ನಾವು,” ಎಂದಳು.

ವ್ಯವಹಾರದ ದೃಷ್ಟಿಯಿಂದ ನೋಡಿದರೆ ಅಪ್ಪಣೆ ಸಿಕ್ಕಿತು. ಕೇಳಬೇಕಾದವಳನ್ನೇ ಕೇಳಿಯಾಯಿತು, ಅವಳು ಒಪ್ಪಿಯೂ ಆಯಿತು, ಸಾಕ್ಷಿಗೆ ಮೇಸ್ತ್ರಿಯೂ ಇದ್ದಾನೆ. ಆದರೆ ಮನೆಗೆ ಬಂದು ಊಟಕ್ಕೆ ಕುಳಿತವನಿಗೆ ಅವಳು ಎದ್ದು ನಿಂತದ್ದು ಕಣ್ಣಿಗೆ ಕಟ್ಟಿತು. ಕುಳಿತಲ್ಲಿಂದಲೇ ಉತ್ತರ ಹೇಳುವಷ್ಟು ಸ್ವಾತಂತ್ರ್ಯವಿಲ್ಲದವಳ ಬಾಯಿಂದ ಬಂದ ಹೌದು ಎಂಬುದನ್ನು ಹೌದೆಂದು ಎಣಿಸುವುದು ಹೇಗೆ? ಮರದ ಭೂತವು ಮೌನವಾಗಿರುವುದಕ್ಕೂ ಇವಳು ಒಪ್ಪಿದುದಕ್ಕೂ ಇರುವ ಭೇದವು ಅತ್ಯಲ್ಪ. ಅವಳನ್ನು ಕೇಳಿದ್ದರಿಂದ ಅವನ ಋಣವು ತೀರಲಿಲ್ಲ. ತಾನು ಏನನ್ನು ಕೇಳಿದೆನೆಂಬುದು ಅವನಿಗೆ ತಿಳಿಯಿತು, ಅಷ್ಟೇ. ಇಲ್ಲವೆನ್ನಲಾರದವಳ ಪರವಾಗಿ ಇಲ್ಲವೆನ್ನತಕ್ಕವನು ಅಲ್ಲಿ ಅವನ ಹೊರತು ಇನ್ನೊಬ್ಬನಿರಲಿಲ್ಲ.

ಮರುದಿನ ಅವನು ಹೊಂಡವನ್ನು ಮುಂದಿನ ಅಂಗಳಕ್ಕೆ ತರಬೇಕೆಂದು ಹೇಳಿದನು. ಅಂಗಳದಲ್ಲಿ ಸ್ಥಳವಿರಲಿಲ್ಲ, ಚಾವಡಿಯನ್ನು ಒಳಕ್ಕೆ ಒತ್ತಬೇಕು. ಮೇಸ್ತ್ರಿಗೆ ಸಿಟ್ಟು ಬಂತು. “ಗೆರೆ ಹಾಕಿದ ಮೇಲೆ ಹೀಗೆ ಹೇಳಿದರೆ ಹೇಗೆ ಧಣಿ? ಅರ್ಧ ಕೋಲು ಒತ್ತಿ, ಹೇಗಾದರೂ ತುರುಕುತ್ತೇನೆ,” ಎಂದನು. ಅರ್ಧ ಕೋಲು ಒತ್ತಿದರೆ ಎರಡು ಬದಿಯಲ್ಲಿಯೂ ಸೇರಿ ಸುತ್ತಳತೆ 36 ಆಗುವುದು, ನಾಲ್ಕು ಉಳಿಯುವುದು, ಶ್ವಾನಯೋನಿ. ಅದು ಮನೆಗೆ ಹೇಳಿಸಿದ್ದಲ್ಲವೆಂದು ಹೆಂಡತಿಯು ಒಪ್ಪಲಿಲ್ಲ. ಒಂದು ಕೋಲನ್ನು ಪೂರ್ತಿಯಾಗಿ ಬಿಟ್ಟರೆ 35, ಒಂದು ಉಳಿಯುವುದು, ಧ್ವಜ. ನಾಲ್ಕು ಜನರ ಚಾವಡಿಯು ಮೂರು ಜನರದ್ದಾಯಿತು. ಗೂಟಗಳನ್ನು ಕಿತ್ತು ಹೊಸ ಗೆರೆಯ ಮೇಲೆ ಹೊಡೆದರು.

ಸಂಜೆ ನೀರು ಸೇದಲು ಬಂದ ಮುದುಕಿಯು ಬೇಲಿಯ ಆಚೆ ಮೂಲೆಯ ಗುರುತು ಅಳಿಸಿಹೋಗಿರುವುದನ್ನು ಕಂಡು, ಅದೇಕೆ ಧಣಿಗಳೇ ಎಂದು ಕೇಳಿದಳು.

“ಆಯದ ಲೆಕ್ಕ ಸರಿಬರಲಿಲ್ಲ ಅಮ್ಮಾ,” ಎಂದು ಅವನು ಹೇಳಿದನು. 37ರ ಲೆಕ್ಕವು ಸರಿಯಾಗಿಯೇ ಇದ್ದಿತೆಂಬುದು ಅವಳಿಗೆ ತಿಳಿಯದು. ಅವಳು ಕೊಡವನ್ನು ತುಂಬಿಕೊಂಡು ಒಳಗೆ ಹೋದಳು.